ಇಮಾಮಬಿಯ ನೆಲಮನೆಗೆ ನೊರೆ ಹೊಡೆಸಿದ್ದು

ನಮ್ಮ ಭಾವ ಊರಲ್ಲಿ ಎಲ್ಲರನ್ನೂ ಕೇಳಿದರು. ಬಬಲೇಶ್ವರದ ಸಂತೆಯಲ್ಲಿ ನಿಂಬೆಹಣ್ಣಿನ ವ್ಯಾಪಾರಿಗಳನ್ನು ಕೇಳಿದರು, ವಿಜಾಪುರದಲ್ಲಿ ಯಾರೋ ಎಂಜಿನಿಯರನನ್ನು ಕೇಳಿದರು, ಚಹಾದಂಗಡಿಯಲ್ಲಿ ಕೂತವರನ್ನೂ ಬಿಡಲಿಲ್ಲ. ನೆಲಮನೆ ಯಾರದೋ ಆ ಬಡೀಮಾಳನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬಡೀಮಾ ಎಂದರೆ ಇಮಾಮಬಿ, ನನ್ನ ಗಂಡನ ದೊಡ್ಡಮ್ಮ. ಇಟ್ಟಂಗಿಹಾಳದಿಂದ ಈ ತಿಕೋಟಾಕ್ಕೆ ಸೊಸೆಯಾಗಿ ಬಂದವಳು. ಗಂಡ ಹಸನಸಾಬ ಬಾವಿ ತೋಡುವ ಕೆಲಸದವನು. ಅವರ ಚೊಚ್ಚಲ ಕೂಸು ಒಂದು ಬೇಸಿಗೆಯಲ್ಲಿ ಝಳ ತಾಳದೆ ತೀರಿಕೊಂಡಿತು. ಮುಂದಿನ ಬೇಸಿಗೆ ಬರುವುದರೊಳಗೆ ಹಸನಸಾಬ ಹಿಂದಿನ ಕೋಣೆಯ ಕೆಳಗಿನ ಗಟ್ಟಿ ಗರಸು ಮಣ್ಣು ಅಗೆದು ನೆಲಮನೆ ಮಾಡಿದ. ಅವನು ಅಗೆದ, ಇವಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ತಂದಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಗಂಡನೂ ಹೋದ. ನೆಲಮನೆ ಉಳಿಯಿತು.

ಅದನ್ನು ಆಕೆ ತನ್ನೊಬ್ಬಳಿಗೇ ಇಟ್ಟುಕೊಳ್ಳಲಿಲ್ಲ. ಉಗಾದಿ ಮುಗಿದು ಬಿಸಿಲೇರಿತೆಂದರೆ ಮಧ್ಯಾಹ್ನ ಅದರ ಕದ ತೆಗೆದಿಡುವಳು. ಓಣಿಯ ಎಳೆಗೂಸಿನ ತಾಯಂದಿರು ಒಬ್ಬೊಬ್ಬರೇ ಇಳಿದು ಬರುವರು. ಯಾರ ಕೂಸು ಎಲ್ಲರಿಗಿಂತ ಎಳೆಯದೋ ಅವಳಿಗೆ ಬಡಗಣ ಗೋಡೆ, ಅದೇ ಎಲ್ಲಕ್ಕಿಂತ ತಂಪು. ಇದು ಬಡೀಮಾಳ ಕಾಯಿದೆ. ಗೌಡರ ಮನೆಯ ಸೊಸೆ ಬಂದರೂ ಅಷ್ಟೆ, ಕೂಲಿಯ ಸೀತವ್ವ ಬಂದರೂ ಅಷ್ಟೆ. ಗೋಡೆಗೆ ಬೆನ್ನು ಹಚ್ಚಿ ಕೂತರೆ ನೆಲದ ತಂಪು ಕುಪ್ಪಸ ದಾಟಿ ಎಲುಬಿಗೆ ಇಳಿಯುತ್ತಿತ್ತು.

ನಾನು ವಿಜಾಪುರದಲ್ಲಿ ಮ್ಯಾಟ್ರಿಕ್ ತನಕ ಓದಿದವಳು. ನೆಲದ ಕೆಳಗೆ ಕೂಸನ್ನು ಮಲಗಿಸುವುದೆಂದರೆ ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಚೇಳು ಬಂದರೆ? ಥಂಡಿ ಹತ್ತಿದರೆ? ಬಡೀಮಾ ಅಡಕೆ ಕತ್ತರಿಸುತ್ತಲೇ ನಗುವಳು. "ಸಬೀರಾ, ನಿನ್ನ ಕೂಸಿಗೆ ಥಂಡಿ ಹತ್ತೂದಿಲ್ಲ ಬೇ, ನಿನ್ನ ಚಿಂತಿ ಹತ್ತತೈತಿ." ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ನನ್ನ ಹಸೀನಾಳ ಮೈತುಂಬ ಬೆವರುಸಾಲೆ. ಮೇಲಿದ್ದಷ್ಟು ಹೊತ್ತು ಅಳು, ಕೆಳಗಿಳಿದರೆ ನಿದ್ದೆ. ಓಣಿಗೆಲ್ಲ ಅವಳೇ ಎಳೆಯವಳಾದ್ದರಿಂದ ಬಡಗಣ ಗೋಡೆ ನಮ್ಮದಾಗಿತ್ತು.

ಅದೇ ಬೇಸಿಗೆಯಲ್ಲಿ ನಮ್ಮ ಭಾವ ಮೌಲಾಸಾಬರಿಗೆ ಜ್ಞಾನೋದಯವಾಯಿತು. ಕಳ್ಳಕವಟಗಿಯ ತೋಟಗಳಿಂದ ನಿಂಬೆಹಣ್ಣು ತಂದು ಮಾರುವವರು ಅವರು. ಸೊಲ್ಲಾಪುರದಲ್ಲಿ ಹಣ್ಣು ಇಡುವ ಥಂಡಿ ಗೋದಾಮೊಂದನ್ನು ನೋಡಿ ಬಂದಿದ್ದರು. ಅದರ ಗೋಡೆಗೆ ಒಳಗಿನಿಂದ ನೊರೆ ಹೊಡೆದಿರುತ್ತಾರಂತೆ. ನೊರೆ ಉಬ್ಬಿ ಗಟ್ಟಿಯಾಗಿ ಹೊರಗಿನ ಕಾವನ್ನು ಒಳಗೆ ಬಿಡುವುದಿಲ್ಲವಂತೆ.

"ನಮ್ಮ ನೆಲಮನಿ ಮೊದಲ ತಂಪು," ಅಂದರು ಊಟಕ್ಕೆ ಕೂತಾಗ. "ಅದಕ್ಕ ನೊರಿ ಹೊಡಸಿದರ ಬರಫ ಆಗತೈತಿ. ದರ ಏರೂತನಕ ಹಣ್ಣು ಅಲ್ಲೇ ಇಡೂದು."

"ಬಡೀಮಾನ್ನ ಕೇಳೀರೇನ್ರಿ?" ಅಡುಗೆಮನೆಯಿಂದಲೇ ಕೇಳಿದೆ.

"ಆಕೀನ್ನೇನ ಕೇಳೂದು? ಮುದುಕಿ. ಕೂಡಾಕ ಎಲ್ಲಿ ಆದರೇನು?"

ನನ್ನ ಗಂಡ ಕಾಸಿಮಸಾಬರು ರೊಟ್ಟಿ ಮುರಿಯುವುದರಲ್ಲಿ ಮಗ್ನ. ಅಣ್ಣನೆದುರು ಅವರ ಬಾಯಲ್ಲಿ ಯಾವಾಗಲೂ ರೊಟ್ಟಿಯೇ ಇರುತ್ತದೆ.

ಸೊಲ್ಲಾಪುರದವನೊಬ್ಬ ಲಾರಿಯಲ್ಲಿ ಪೀಪಾಯಿ, ಎಂಜಿನು, ಉದ್ದನೆಯ ಪೈಪು ಹೇರಿಕೊಂಡು ಬಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲಮನೆಗೆ ಇಳಿದವನು ಅತ್ತಿತ್ತ ನೋಡಿ, "ತಂಪು ಮಾಡೂ ಮಷೀನು ಎಲ್ಲಿ ಕುಂದರಸ್ತೀರಿ ಸಾಹೇಬರ?" ಎಂದ.

"ಮಷೀನ್ ಯಾಕ ಬೇಕಪಾ? ನಮ್ಮಲ್ಲಿ ತಂಪು ಪುಕ್ಕಟೆ ಐತಿ," ಎಂದು ಭಾವ ನಕ್ಕರು. ಅವನೂ ನಕ್ಕ. ಹೊಡೆಯಲು ಬಂದವನು, ಹೊಡೆದ.

ಪೈಪಿನ ಬಾಯಿಂದ ಹಳದಿ ನೀರು ಚಿಮ್ಮಿ, ಗೋಡೆಗೆ ತಾಗಿದ್ದೇ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತು. ಅದರ ಘಾಟಿಗೆ ಮೇಲಿನ ಮನೆಯಲ್ಲೂ ಕಣ್ಣು ಉರಿ. ನಾನು ಹಸೀನಾಳನ್ನು ಎತ್ತಿಕೊಂಡು ನೆರೆಯ ಚಂದ್ರಾಬಾಯಿಯ ಕಟ್ಟೆಗೆ ಓಡಿದೆ. ಕೂಸು ಒಮ್ಮೆ ಕೆಮ್ಮಿತೆಂದು ಸಂಜೆಯವರೆಗೆ ಅದರ ಎದೆಗೆ ಕಿವಿಯಿಟ್ಟು ಕೂತೆ. ಬಡೀಮಾ ಎಲ್ಲಿಗೂ ಹೋಗಲಿಲ್ಲ. ಸೆರಗನ್ನು ಮೂಗಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದಳು. ಹಸನಸಾಬನ ಗುದ್ದಲಿಯ ಗುರುತುಗಳು ಆ ಗೋಡೆಯಲ್ಲಿದ್ದವು. ಒಂದೊಂದೇ ಮುಚ್ಚಿಹೋದವು.

ಆಮೇಲೆ ನಿಂಬೆಹಣ್ಣಿನ ಬುಟ್ಟಿಗಳು ಇಳಿದವು, ಕದಕ್ಕೆ ಕೀಲಿ ಬಿತ್ತು. ಮಧ್ಯಾಹ್ನ ಬಂದ ತಾಯಂದಿರು ಕೀಲಿ ನೋಡಿ ನಿಂತರು. ಒಂದು ದಿನವೂ ಯಾರನ್ನೂ ತಿರುಗಿ ಕಳಿಸದವಳು ಬಡೀಮಾ. ಬೇವಿನ ಗಿಡದ ಕೆಳಗೆ ಅವರನ್ನು ಕೂರಿಸಿ, ಬೀಸಣಿಕೆ ಹಿಡಿದು ಒಂದೊಂದು ಕೂಸಿಗೂ ಗಾಳಿ ಹಾಕಿದಳು. ಗಾಳಿಯಾದರೂ ಎಂಥದು, ಒಲೆಯ ಉಸಿರು. ನನಗೆ ತಡೆಯಲಾಗಲಿಲ್ಲ. ನಿಂಬೆಹಣ್ಣಿಗೆ ತಂಪು, ಕೂಸುಗಳಿಗೆ ಬಿಸಿಲು! ಹಣ್ಣಿಗೇನು ಬೆವರುಸಾಲೆ ಏಳುತ್ತದೆಯೇ?

ಎದ್ದಿತು. ವಾರ ಕಳೆಯುವುದರೊಳಗೆ ಕದದ ಸಂದಿಯಿಂದ ಹುಳಿ ನಾತ. ಭಾವ ಕೀಲಿ ತೆಗೆದು ನೋಡಿದರೆ ಬುಟ್ಟಿಗಳೆಲ್ಲ ಬೆವತಿದ್ದವು, ಹಣ್ಣಿನ ಮೇಲೆ ಹಸಿರು ಬೂಷ್ಟು. ಒಳಗೆ ಕಾಲಿಟ್ಟರೆ ಬಚ್ಚಲಮನೆಯ ಸೆಕೆ. ಸೊಲ್ಲಾಪುರದವನನ್ನು ಬೈದರು, ಹಣ್ಣು ಕೊಟ್ಟ ತೋಟದವರನ್ನು ಬೈದರು, ಕೊನೆಗೆ "ಈ ಹೆಂಗಸರ ಕಣ್ಣ ಬಿತ್ತು" ಎಂದರು. ನಮ್ಮ ಕಣ್ಣು! ಮಾಡಿದ್ದು ತಾವು, ಬಿದ್ದದ್ದು ನಮ್ಮ ಕಣ್ಣು!

ಬುಟ್ಟಿಗಳನ್ನು ಮೇಲೆ ಸಾಗಿಸಿ ಅವರು ಪೇಟೆಗೆ ಹೋದಮೇಲೆ ಬಡೀಮಾ ನೆಲ ತೊಳೆದು ಓಣಿಗೆ ಹೇಳಿ ಕಳಿಸಿದಳು. ಎಲ್ಲರೂ ಆಸೆಯಿಂದ ಬಂದರು. ಚಂದ್ರಾಬಾಯಿ ಗೋಡೆಗೆ ಬೆನ್ನು ಹಚ್ಚಿದವಳು ತಟ್ಟನೆ ಎದ್ದಳು.

"ಇಮಾಮಕ್ಕಾ, ಇದೇನ ಗ್ವಾಡಿನೋ ಕೌದಿನೋ? ಇಂಥಾ ಬ್ಯಾಸಗ್ಯಾಗ ನೆಲಮನಿಗೆ ಕೌದಿ ಹೊಚ್ಚ್ಯಾರಲ್ಲ!"

ನಗೆ ಎದ್ದಿತು. ಬಡೀಮಾ ನಗಲಿಲ್ಲ. ಗೋಡೆಗೆ ಅಂಗೈ ಇಟ್ಟಳು, ಕೆನ್ನೆ ಇಟ್ಟಳು. ಆಗಿದ್ದದ್ದು ಅಷ್ಟೇ ನೋಡಿ. ಅಲ್ಲಿ ತಂಪು ಬರುತ್ತಿದ್ದದ್ದೇ ನೆಲದ ಮೈಯಿಂದ. ಆ ಮೈಯನ್ನೇ ಮುಚ್ಚಿ, ಇನ್ನೂ ತಂಪಾಗಲಿ ಎಂದು ಕಾದಿದ್ದರು ನಮ್ಮ ಜಾಣರು.

ಮೇಲೆ ಹೋದ ಬಡೀಮಾ ಕಳೆ ತೆಗೆಯುವ ಕುರ್ಪಿ ಹಿಡಿದು ಬಂದಳು. ಬಡಗಣ ಗೋಡೆಯಲ್ಲಿ ಒಂದು ಬೆನ್ನಿನಷ್ಟು ಅಗಲ ನೊರೆಯನ್ನು ಕೆರೆದಳು. ಗರಸು ಕಂಡಿತು. ಕೈಯಿಂದ ಧೂಳು ಸವರಿ, "ಬಾ ಸಬೀರಾ, ಕೂಸಿನ್ನ ತೊಗೊಂಡು ಇಲ್ಲಿ ಕೂಡು," ಎಂದಳು. ಕೂತೆ. ಬೆನ್ನಿಗೆ ಹಳೆಯ ತಂಪು ತಾಗಿತು, ನನ್ನ ಕಣ್ಣಲ್ಲಿ ನೀರು.

ಅಷ್ಟು ಸಾಕಾಯಿತು. ಚಂದ್ರಾಬಾಯಿ ತನ್ನ ಮನೆಯ ಕುರ್ಪಿ ತಂದಳು, ಸೀತವ್ವ ಕುಡಗೋಲಿಗೆ ಕೈ ಹಾಕಿದಳು. ಹಸೀನಾ ಕಣ್ಣು ಮುಚ್ಚಿದಮೇಲೆ ನಾನೂ ಸವುಟು ಹಿಡಿದೆ. ಭಾವ ಪೇಟೆಯಿಂದ ಬಂದಾಗ ನಾವು ಕೆರೆದು ಮೇಲೆ ತಂದು ಸುರಿದ ಹಳದಿ ಚೂರುಗಳು ಅಂಗಳದ ತುಂಬ ಹಾರಾಡುತ್ತಿದ್ದವು.

"ಬಡೀಮಾ! ಏನ ಮಾಡಾಕತ್ತೀ? ಯಾರನ್ನ ಕೇಳಿ ಕೆರದಿ ಇದನ್ನ?"

"ನೀ ಯಾರನ್ನ ಕೇಳಿ ಹೊಡಸಿದ್ದೆಲೇ ಮೌಲಾ?" ಬಡೀಮಾ ತಿರುಗಿಯೂ ನೋಡಲಿಲ್ಲ, ಕುರ್ಪಿಯೂ ನಿಲ್ಲಲಿಲ್ಲ. "ಒದರಬ್ಯಾಡ. ಕೂಸುಗೋಳು ಈಗ ಮಲಗ್ಯಾವು."

ಭಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. ಇಳಿದು ಬಂದು ಕೈ ಹಿಡಿಯುವ ಮನಸ್ಸು ಇದ್ದಿರಬಹುದು. ಇಳಿಯಲು ಜಾಗವಿರಲಿಲ್ಲ. ಕೊನೆಯ ಮೆಟ್ಟಿಲಿನವರೆಗೂ ತಾಯಂದಿರು ಕೂತಿದ್ದರು, ಒಬ್ಬಳೂ ಸರಿಯಲಿಲ್ಲ.