ಸಿಂಧನೂರಿನ ನಕಲು ಮಸ್ಕಿಗೆ ಬಂದ ದಿನ

ಬಿತ್ತುವ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದರಲ್ಲಿ ನನ್ನ ಕೈಯನ್ನು ಸಂತೆಕಲ್ಲೂರಿನಲ್ಲಿ ಯಾರೂ ಹೀಗಳೆದಿಲ್ಲ. ಮೇಲೆ ಒಂದು ಬಟ್ಟಲು, ಕೆಳಗೆ ಬೀಜ ಇಳಿಯುವ ಮೂರು ತಾಳು. ಒಂದೇ ಹಿಡಿ ಜೋಳ ಮೂರು ಸಾಲಿಗೂ ಸಮನಾಗಿ ಇಳಿಯಬೇಕು. ನಡುವೆ ತೊಗರಿಯ ಅಕ್ಕಡಿ ಸಾಲು ಬಂದರೆ ಮಾತ್ರ ಒಂದು ತೂತು ಮುಚ್ಚಿ, ಹಿಂದೆ ಕಟ್ಟಿದ ಕೊಳವೆಯಿಂದ ಬೇರೆ ಬೀಜ ಬಿಡಬೇಕು. ಇಷ್ಟು ತಿಳಿಯಲು ನನಗೆ ನಾಲ್ಕನೆಯ ಇಯತ್ತೆ ಸಾಕಾಯಿತು. ನನ್ನ ಮೊಮ್ಮಗಳ ಮೇಲಿನ ಸಾಹೇಬ ಎಷ್ಟು ಓದಿದ್ದನೋ, ಎಲ್ಲ ನೀರಲ್ಲಿ ಹೋಮ.

ಮೊಮ್ಮಗಳದು ನೆಟ್‌ವರ್ಕ್ ಕೆಲಸ. ಸಿಂಧನೂರಿನ ಒಂದು ಕಣ್ಣಿನ ಆಸ್ಪತ್ರೆ ಲಿಂಗಸುಗೂರಿನಲ್ಲೂ ಮಸ್ಕಿಯಲ್ಲೂ ಶಾಖೆ ತೆರೆಯುವುದಿತ್ತು. ಮೂರು ತಿಂಗಳು ಕೆಲಸ ನೋಡಿ ಖಾಯಂ ಮಾಡುತ್ತೇವೆ ಎಂದು ಅವಳನ್ನು ಇಟ್ಟುಕೊಂಡಿದ್ದರು. ಅಂದು ಮೂರು ತಿಂಗಳು ಮುಗಿಯುವ ದಿನ. ಸಂಜೆಯೊಳಗೆ ಮೂರೂ ಊರಿನ ನೆಟ್‌ವರ್ಕ್ ಕೂಡಿಕೊಂಡು ಓಡಬೇಕು, ಇಲ್ಲವೆಂದರೆ ಇವಳು ಮನೆಗೆ. ಕಣ್ಣು ತೋರಿಸುವ ನೆಪ ಮಾಡಿ ನಾನೂ ಷೇರ್ ಆಟೋದಲ್ಲಿ ಅವಳ ಜೊತೆ ಮಸ್ಕಿಗೆ ಬಂದು ಬೆಂಚು ಹಿಡಿದೆ.

ಅವಳು ನನಗೆ ಹಿಂದಿನ ದಿನವೇ ತಿಳಿಸಿ ಹೇಳಿದ್ದಳು. ಯಾವ ವೈಫೈ ಯಾರಿಗೆ, ಯಾವ ಕಂಪ್ಯೂಟರ್ ಯಾವುದನ್ನು ನೋಡಬಹುದು, ಸಿಂಧನೂರಿನ ಈ ಸೆಟ್ಟಿಂಗ್‌ಗಳೆಲ್ಲ ಕ್ಲೌಡ್‌ನಲ್ಲಿ ಇರುತ್ತವೆ. ಹತ್ತು ಸಾಲು ಬರೆದು ಕಳಿಸಿದರೆ, ಅದರಂತೆಯೇ ಲಿಂಗಸುಗೂರಿಗೊಂದು, ಮಸ್ಕಿಗೊಂದು ತಾನೇ ತಯಾರಾಗುತ್ತದೆ. ಒಳಗಿನ ನಂಬರು ಮಾತ್ರ ಊರಿಗೊಂದು ಬೇರೆ ಇರಬೇಕು. ‘ನಮ್ಮ ಅಕ್ಕಡಿ ಸಾಲು’ ಅಂದುಕೊಂಡೆ.

ಸಾಹೇಬನ ಕೈಯಲ್ಲಿ ಎರಡು ಫೋನು, ಒಂದು ಕಂತೆ ಕಾಗದ. ಸಿಂಧನೂರಿನದನ್ನೇ ನಕಲು ಮಾಡಿ ಕಳಿಸಲೇ ಎಂದು ಮೊಮ್ಮಗಳು ಕೇಳಿದ್ದಕ್ಕೆ ಅವನು ನಕ್ಕ.

“ಪರೀಕ್ಷಾದಾಗ ಕಾಪಿ ಹೊಡದಿದ್ದು ಸಾಲಲಿಲ್ಲೇನವ್ವಾ? ಸರಿ, ನಾ ಕೈಯಿಂದ ಮಾಡಿ ತೋರಿಸ್ತೀನಿ ನೋಡು.”

ಸಿಂಧನೂರಿನ ಸೆಟ್ಟಿಂಗ್ ಅಚ್ಚು ಹಾಕಿಸಿದ ಕಾಗದ ಮುಂದಿಟ್ಟುಕೊಂಡು, ಲಿಂಗಸುಗೂರಿನದನ್ನು ಒಂದೇ ಬೆರಳಿನಲ್ಲಿ ಕುಟ್ಟತೊಡಗಿದ. ಕೋಳಿ ಇದಕ್ಕಿಂತ ಬೇಗ ಕಾಳು ಹೆಕ್ಕುತ್ತದೆ. ಅವನು ನೋಡಿ ಬರೆದರೆ ವಿದ್ಯೆ, ನನ್ನ ಮೊಮ್ಮಗಳು ಬರೆಸಿದರೆ ಕಳ್ಳತನ!

“ಸರ್, ಒಳಗಿನ ನಂಬರ್ ಬ್ಯಾರೆ ಇಡ್ಬೇಕ್ರಿ. ಎರಡೂ ಊರಿಗೆ ಒಂದ ನಂಬರ್ ಆದ್ರ ಯಾವ ಕಡಿ ಹೋಗ್ಬೇಕಂತ ತಿಳಿಯಂಗಿಲ್ರಿ.”

“ಸಿಂಧನೂರಾಗ ಹೆಂಗೈತಿ, ಹಂಗ. ನನಗ ಕಲಸಾಕ ಬರ್ಬ್ಯಾಡ.”

ಊಟದ ಹೊತ್ತಿಗೆ ಕುಟ್ಟಿ ಮುಗಿಸಿ ಎರಡೂ ಊರನ್ನು ಕೂಡಿಸಿದ. ಸಿಂಧನೂರಿನಿಂದ ಫೋನ್ ಬಂತು: ಲಿಂಗಸುಗೂರು ಸಿಗುತ್ತಿಲ್ಲ, ಇಲ್ಲಿನ ರೋಗಿಗಳ ಚೀಟಿಗಳೂ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಆಮೇಲೆ ಆಸ್ಪತ್ರೆಯ ಮಾಲಕರದೇ ಫೋನು. ಸಾಹೇಬ ಕಣ್ಣು ಮಿಟುಕಿಸದೆ ಹೇಳಿದ:

“ಈ ಹುಡುಗಿ ಏನೋ ಒತ್ತ್ಯಾಳ್ರಿ.”

ನಾನು ಎದ್ದೆ. ಮಾಲಕರಿಗೂ ಕೇಳಲಿ ಎಂದೇ ದನಿ ಏರಿಸಿದೆ.

“ಏನ್ರಿ ಸಾಹೇಬ್ರ, ಅಕಿ ಮುಂಜಾನಿಂದ ಕೈ ಕಟ್ಕೊಂಡು ಕುಂತಾಳ. ನನ್ನ ಕಣ್ಣಿಗೆ ಪೊರಿ ಬಂದೈತಿ, ಕುರುಡಿ ಆಗಿಲ್ಲ!”

ಫೋನಿನ ಆಚೆ ಮಾಲಕರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. “ಆ ಹುಡುಗಿಗೇ ಬಿಡ್ರಿ” ಎಂದರು.

ಮೊಮ್ಮಗಳು ಅವನು ಕುಟ್ಟಿದ್ದನ್ನೆಲ್ಲ ಅಳಿಸಿದಳು. ತನ್ನ ಹತ್ತು ಸಾಲು ಕಳಿಸಿದಳು. ನಾನು ಸಾಸರಿಗೆ ಸುರಿದ ಚಹಾ ಇನ್ನೂ ಬಿಸಿಯಿತ್ತು, ಅಷ್ಟರಲ್ಲೇ ಗೋಡೆಯ ವೈಫೈ ಡಬ್ಬಿಯ ದೀಪ ಬೆಳ್ಳಗಾಯಿತು. ಲಿಂಗಸುಗೂರಿನವರೂ ಬಂತು ಬಂತು ಎಂದರು. ಪರೀಕ್ಷೆಗೆಂದು ಅವಳು ನನ್ನ ಹೆಸರಲ್ಲೇ ಮೊದಲ ಚೀಟಿ ಮಾಡಿದಳು. ಸಿಂಧನೂರಿನ ಆಸ್ಪತ್ರೆಯ ಹೆಣ್ಣುಮಗಳು ಫೋನಿನಲ್ಲಿ ಓದಿದಳು: “ನಿಮ್ಮಜ್ಜಿ ಚೀಟಿ ಇಲ್ಲಿ ಕಾಣಾಕತ್ತೈತ್ರಿ. ಬಲಗಣ್ಣಿಗೆ ಪೊರಿ ಅಲ್ರೀ?”

ನನ್ನ ಪೊರೆ ಮೂರೂರಿಗೆ ಗೊತ್ತಾಯಿತು. ಇಷ್ಟು ಸಂತೋಷ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಸೋಮವಾರ ಬಂದು ಖಾಯಂ ಕಾಗದಕ್ಕೆ ಸಹಿ ಮಾಡು ಎಂದು ಮಾಲಕರು ಹೇಳಿದರು. ಆಟೋ ಹತ್ತುವಾಗ ಸಾಹೇಬ ಹಿಂದೆಯೇ ಬಂದ. ದನಿ ಬೆಣ್ಣೆಯಾಗಿತ್ತು.

“ತಂಗೀ, ಆ ಹತ್ತು ಸಾಲು ನನ್ನ ಫೋನಿಗೆ ಹಾಕ್ತೀಯೇನವ್ವಾ?”

“ಕಾಪಿ ಹೊಡ್ಯಾಕೇನ್ರಿ?” ಎಂದೆ ನಾನು. ಆಟೋದಲ್ಲಿದ್ದವರೆಲ್ಲ ನಕ್ಕರು. ಮೊಮ್ಮಗಳ ಕಿವಿಯಲ್ಲಿ ಹೇಳಿದೆ: “ಕಳಸು. ನಂಬರ್ ಬದಲಿ ಮಾಡೋದು ಮಾತ್ರ ಹೇಳಬ್ಯಾಡ ಬೇ.”

ಅವಳು ನನ್ನ ಕೈ ಚಿವುಟಿ, ಆಟೋದಿಂದ ಇಳಿದು, ಎಲ್ಲಿ ನಂಬರು ಬದಲಿಸಬೇಕೆಂದು ಆ ಮೂರ್ಖನಿಗೆ ಎರಡು ಸಲ ತೋರಿಸಿದಳು. ಅವನು ಕಾಗದದಲ್ಲಿ ಬರೆದುಕೊಂಡ.