ಮೈನ್ ಆಫನ ಮದುವೆ ಮಾತು

ನನ್ನ ತಮ್ಮನ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಬೀದಿಗೆಲ್ಲ ಅವನು ‘ಮೈನ್ ಆಫ್’. ಲಿಫ್ಟ್ ರಿಪೇರಿ ಅವನ ಕಸುಬು. ಕೆಲಸ ಕಲಿಸಿದ ಮೇಸ್ತ್ರಿ ಅವನಿಗೆ ಹೇಳಿಕೊಟ್ಟ ಮೊದಲ ಪಾಠ, ಯಂತ್ರ ನಡುವೆ ನಿಂತರೆ ಮೊದಲು ಮೈನ್ ಆಫ್ ಮಾಡು, ಆಮೇಲೆ ಯೋಚನೆ ಮಾಡು ಅಂತ. ಆ ಪಾಠ ಇವನ ತಲೆಗೆ ಹತ್ತಲೇ ಇಲ್ಲ, ನೇರವಾಗಿ ಕೈಗೆ ಇಳಿಯಿತು. ಮಿಕ್ಸಿ ಸ್ವಲ್ಪ ಗೊರಗೊರ ಅಂದರೆ ಸಾಕು, ಇಡೀ ಮನೆ ಕತ್ತಲೆ. ಒಮ್ಮೆ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಯಂತ್ರಕ್ಕೆ ಹಾಳೆ ಸಿಕ್ಕಿಕೊಂಡಾಗಲೂ ಹೀಗೇ ಮಾಡಿದ. ನನ್ನ ಅಂಗಡಿಗೂ ಪಕ್ಕದ ಸಲೂನಿಗೂ ಇರುವುದು ಒಂದೇ ಮೈನ್. ಅರ್ಧ ತಲೆ ಬೋಳಿಸಿಕೊಂಡವರೊಬ್ಬರು ಬಿಳಿ ಬಟ್ಟೆ ಹೊದ್ದೇ ಎದ್ದು ಬಂದು ನಮ್ಮಿಬ್ಬರ ಜನ್ಮ ಜಾಲಾಡಿದರು.

ಇಂಥವನಿಗೆ ನಲವತ್ತು ದಾಟಿದ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೂ ಲಿಫ್ಟೇ ಕಾರಣ. ನಾಲ್ಕನೇ ಮಹಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವಾಕೆ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ಅವಳು ಹೆದರಬಾರದೆಂದು ಇವನು ಮೇಲಿನಿಂದ ಒಂದೊಂದು ಸದ್ದಿಗೂ ವಿವರಣೆ ಕೊಡುತ್ತಾ ಹೋದ. ಈಗ ಟಕ್ ಅಂದದ್ದು ಬ್ರೇಕು, ಈಗ ಕುಂಯ್ ಅಂದದ್ದು ರೋಪು, ಈಗ ಬಂದದ್ದು ನನ್ನ ಸೀನು. ಆಕೆ ಒಳಗೇ ನಕ್ಕುಬಿಟ್ಟಳಂತೆ. ಅಂದಿನಿಂದ ಈ ಮನುಷ್ಯ ಕಬ್ಬಿಣದಂಥ ಹಲ್ಲುಗಳನ್ನು ಒಂದೊಂದಾಗಿ ತೋರಿಸಲು ಆ ಕ್ಲಿನಿಕ್ಕಿಗೆ ಹೋಗತೊಡಗಿದ. ಡಾಕ್ಟರು ಬೇಸತ್ತು, ನಿನ್ನ ಹಲ್ಲು ನನ್ನದಕ್ಕಿಂತ ಚೆನ್ನಾಗಿದೆ, ಮನೆಗೆ ಹೋಗಪ್ಪಾ ಎಂದರು.

ಕೊನೆಗೆ ಧೈರ್ಯ ಮಾಡಿ, ನನ್ನನ್ನು ಮದುವೆಯಾಗುತ್ತೀರಾ ಎಂದು ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದ. ಉತ್ತರವೂ ದನಿಯಲ್ಲೇ ಬಂತು. ಇವನು ಅದನ್ನು ಒತ್ತಿದ. ಅಷ್ಟರಲ್ಲಿ ಆ ಹಳೆಯ ಫೋನು ಬಿಮ್ಮನೆ ನಿಂತುಬಿಟ್ಟಿತು. ಆರಿಸಿ ಹಚ್ಚಿದರೂ ಅಷ್ಟೇ, ಉತ್ತರದ ಮೇಲೆ ಬೆರಳಿಟ್ಟರೆ ಸಾಕು, ಮರದ ತುಂಡು.

ಬುದ್ಧಿ ಇರುವವರು ಆಗ ನನ್ನನ್ನು ಕೇಳುತ್ತಿದ್ದರು. ಇವನು ಇಂಟರ್ನೆಟ್ಟನ್ನು ಕೇಳಿದ. ಫೋನಿನ ಮೂಲ ಸಾಫ್ಟ್‌ವೇರನ್ನೇ, ಅಂದರೆ ಫರ್ಮ್‌ವೇರನ್ನೇ, ಹೊಸದಾಗಿ ತುಂಬಿದರೆ ಎಲ್ಲ ಸರಿಹೋಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರು. ನಾನು ಕಾಗದ ತರಲು ಹೋದ ಹೊತ್ತು ನೋಡಿ ನನ್ನ ಕಂಪ್ಯೂಟರಿಗೆ ಫೋನ್ ಸಿಕ್ಕಿಸಿ ಕೂತ. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಅರ್ಧದವರೆಗೆ ಬಂದು ನಿಂತಿತು. ಅದು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದೇ ರೂಢಿಯಂತೆ. ಆದರೆ ಯಂತ್ರ ನಡುವೆ ನಿಂತಿತಲ್ಲ. ನನ್ನ ತಮ್ಮ ಕೇಬಲ್ ಕಿತ್ತ.

ನಾನು ವಾಪಸು ಬಂದಾಗ ಫೋನು ಕಂಪನಿಯ ಗುರುತು ತೋರಿಸುವುದು, ಆರುವುದು, ಮತ್ತೆ ತೋರಿಸುವುದು, ಇಷ್ಟೇ ಮಾಡುತ್ತಿತ್ತು. ಬೈಯಲು ಹೊರಟವಳು ಇವನ ಮುಖ ನೋಡಿ ಪಕ್ಕದಲ್ಲಿ ಕೂತೆ. ಅಷ್ಟು ವರ್ಷದಲ್ಲಿ ಅವನು ತನಗೋಸ್ಕರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅದರ ಉತ್ತರ ಆ ಕರೀ ಗಾಜಿನ ಹಿಂದೆ ಕೂತಿತ್ತು.

ಮೊಬೈಲ್ ಅಂಗಡಿಯವನು, ಜೀವ ಬರಿಸಿ ಕೊಡುತ್ತೇನೆ, ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದ. ತಮ್ಮ ಅವನ ಕೈಯಿಂದ ಫೋನ್ ಕಸಿದುಕೊಂಡು ಓಡಿಬಂದ. ಹೋಗಿ ಅವಳನ್ನೇ ಕೇಳು ಎಂದೆ.

“ಏನಂತ ಕೇಳ್ಲಿ ಅಕ್ಕ? ನೀವೇನೋ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ ಅಂತಲಾ? ಇಲ್ಲ ಅಂತ ಹೇಳಿದ್ರೆ, ಪಾಪ, ಎರಡೆರಡು ಸಲ ಹೇಳ್ಬೇಕಾಗತ್ತೆ.”

ಇಲ್ಲ ಅನ್ನಿಸಿಕೊಳ್ಳುವಾಗಲೂ ಅವಳ ಕಷ್ಟವನ್ನೇ ಯೋಚಿಸುವ ಈ ಮಂಕನ ಮೇಲೆ ನನಗೆ ಅಳುವಷ್ಟು ಪ್ರೀತಿ ಬಂತು. ಆ ವಾರವೆಲ್ಲ ಅವನು ಆ ಕಟ್ಟಡದ ದಿಕ್ಕಿಗೆ ತಲೆ ಹಾಕಲಿಲ್ಲ. ನಾನು ಗಿರಾಕಿಗಳನ್ನೂ ಬಿಟ್ಟು ಫೋನು ಬದುಕಿಸುವ ವಿದ್ಯೆ ಓದಿದೆ. ಭಾನುವಾರ ಅಂಗಡಿಗೆ ರಜೆ. ಬೆಳಿಗ್ಗೆ ತಲೆಗೆ ಎಣ್ಣೆ ಮೆತ್ತಿಕೊಂಡು, ಹಳೆಯ ನೈಟಿಯಲ್ಲೇ ಶಟರ್ ಅರ್ಧ ಎಳೆದು ಇಬ್ಬರೂ ಕೂತೆವು.

ಮೊದಲು ಕಂಪ್ಯೂಟರಿಗೆ ಫೋನು ಕಾಣಿಸಲೇ ಇಲ್ಲ. ಕೇಬಲ್ ಬದಲಾಯಿಸಿದೆವು. ದನಿ ತಗ್ಗಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದಾಗ, ಸಾಫ್ಟ್‌ವೇರ್ ತುಂಬಿಸಿಕೊಳ್ಳಲು ಸಿದ್ಧ ಎಂಬ ನೀಲಿ ಪರದೆ ಬಂತು. ತಮ್ಮ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಸಂತೋಷಪಟ್ಟ. ‘ಒಳಗಿನದೆಲ್ಲ ಅಳಿಸು’ ಎಂಬ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿತ್ತು. ಅದನ್ನು ತೆಗೆದೆ. ತೆಗೆದಿದ್ದೀಯಾ ಎಂದ. ಕನ್ನಡಕ ಒರೆಸಿಕೊಂಡು ಇಬ್ಬರೂ ಮತ್ತೆ ನೋಡಿ, ಶುರು ಎಂದು ಒತ್ತಿದೆವು.

ಪಟ್ಟಿ ಅರ್ಧದವರೆಗೆ ಬಂತು. ನಿಂತಿತು.

“ಅಕ್ಕ, ನಿಂತೋಯ್ತು.”

“ನಿಲ್ಲಲಿ. ಕೈ ಹಿಂದೆ ತಗೋ.”

ಹಿಂದೆ ತೆಗೆದುಕೊಳ್ಳುವ ಕೈಯೇ ಅದು? ಅವನಿಗೇ ಗೊತ್ತಿಲ್ಲದೆ ಕೇಬಲ್ಲಿನ ಕಡೆ ಹೊರಟಿತ್ತು. ನಾನು ಆ ಕೈಯನ್ನು ಎಳೆದು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತೆ. ನನ್ನ ತೂಕ ನಾನು ಹೇಳುವುದಿಲ್ಲ, ಕೈ ಅಲ್ಲಾಡಲಿಲ್ಲ ಎಂದಷ್ಟೇ ಹೇಳುತ್ತೇನೆ. ಇನ್ನೊಂದು ಕೈಯಲ್ಲಿ ಅವನು ತನ್ನ ಕಣ್ಣು ಮುಚ್ಚಿಕೊಂಡ. ಮುಂದಕ್ಕೆ ಹೋಯಿತಾ ಎಂದು ಕೇಳುತ್ತಲೇ ಇದ್ದ, ಇಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಆಮೇಲೆ ಒಂದು ಸಲ ಇಲ್ಲ ಎನ್ನುವ ಬದಲು ಕಿರುಚಿದೆ.

ಫೋನು ಎದ್ದಿತು. ಫೋಟೋ, ನಂಬರು, ಎಲ್ಲ ಇದ್ದಲ್ಲೇ ಇದ್ದವು. ಅವಳ ಉತ್ತರವೂ ಇತ್ತು. ಒತ್ತಲು ಇವನಿಗೆ ಧೈರ್ಯ ಸಾಲದೆ ನಾನೇ ಒತ್ತಿದೆ.

“ನೀವು ಕೇಳಿದ್ದಕ್ಕೆ ಈಗಲೇ ಏನೂ ಹೇಳಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಅಕ್ಕನ ಅಂಗಡಿಗೆ ಬರ್ತೀನಿ, ಅವರ ಹತ್ರ ಮಾತಾಡ್ಬೇಕು. ಅಲ್ಲೀವರೆಗೂ ಫೋನು, ಮೆಸೇಜು ಯಾವ್ದೂ ಬೇಡ. ನೀವೂ ಸರಿಯಾಗಿ ಯೋಚನೆ ಮಾಡಿ.”

ನಾವಿಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದೆವು. ನಾನು ನೈಟಿ ನೋಡಿಕೊಂಡೆ. ಬಚ್ಚಿಟ್ಟುಕೊಳ್ಳಲು ಝೆರಾಕ್ಸ್ ಯಂತ್ರದ ಹಿಂದೆ ಜಾಗ ಹುಡುಕುತ್ತಿದ್ದಾಗಲೇ ಶಟರಿನ ಮೇಲೆ ಬೆರಳಿನ ಸದ್ದಾಯಿತು. ಬಗ್ಗಿ ಒಳಗೆ ಬಂದವಳು ನೇರವಾಗಿ ನನ್ನ ಮುಂದೆ ನಿಂತಳು. ನಾನು ಬೇಡ ಎಂದಿದ್ದಕ್ಕೆ ನಿಮ್ಮ ತಮ್ಮ ವಾರಪೂರ್ತಿ ಒಂದು ಮಾತೂ ಕಳಿಸಲಿಲ್ಲ, ಹೇಳಿದ ಮಾತಿಗೆ ಇಷ್ಟು ಬೆಲೆ ಕೊಡುವವರನ್ನು ನೋಡಿರಲಿಲ್ಲ, ಅದಕ್ಕೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದೆ ಎಂದಳು.

ಬಾಯಿ ಮುಚ್ಚಿಕೊಂಡಿರು ಎಂದು ಅವಳ ಹೆಗಲ ಮೇಲಿಂದ ತಮ್ಮನಿಗೆ ಕಣ್ಣು ಬಿಟ್ಟೆ. ಅವನು ನನ್ನ ಕಡೆ ನೋಡಲೇ ಇಲ್ಲ.

“ನೀವು ಹೇಳಿದ್ದನ್ನ ನಾನು ಕೇಳಿದ್ದೇ ಈಗ. ಫೋನ್ ಹಾಳಾಗಿತ್ತು,” ಎಂದ. “ಮೊದ್ಲೇ ಕೇಳಿದ್ರೆ ಒಂದು ದಿನಾನೂ ಸುಮ್ನಿರ್ತಿರಲಿಲ್ಲ.”

ಮುಗಿಯಿತು ಕಥೆ ಎಂದುಕೊಂಡೆ. ಆಕೆ ಅವನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ನಗಲು ಶುರು ಮಾಡಿದವಳು ನಗು ತಡೆಯಲಾಗದೆ ನನ್ನ ಕಾಗದದ ಕಟ್ಟಿನ ಮೇಲೆ ಕುಸಿದು ಕೂತಳು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, “ಅಕ್ಕ, ಇವರನ್ನ ನನಗೆ ಕೊಡ್ತೀರಾ?” ಎಂದು ಕೇಳಿದಳು.

ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ನನ್ನ ಪರವಾಗಿ ತಮ್ಮನೇ ಹೂಂ ಅಂದುಬಿಟ್ಟಿದ್ದ.