ಜುಲೈ ತಿಂಗಳ ಗುರಿ

“ಫರಸಿಕಲ್ಲಿನ ಖಣಿಗೆ ಇದೇ ದಾರೀನಾ?” ಭಂಕೂರದ ಹತ್ತಿರ ಮೂರನೇ ಸಲ ದಾರಿ ತಪ್ಪಿ ಕೇಳಿದೆ. ಬೈಕ್ ನಿಲ್ಲಿಸಿದವರು ಅದೇ ಖಣಿಯಲ್ಲಿ ಕೂಲಿಗಳ ಮೇಲ್ವಿಚಾರಣೆ ಮಾಡುವ ಮುಕಾದಮರು.

“ನಮ್ಮ ಗುರಿ ಹಾಕಿದ ಕಂಪ್ಯೂಟರ್ ಮೇಡಮ್ಮೋರು ನೀವೇನ್ರಿ?” ಎಂದವರೇ ಕಿಸೆಯಿಂದ ನೋಟಿಸ್ ತೆಗೆದರು. ಜುಲೈನಲ್ಲಿ ಇಷ್ಟು ಕಲ್ಲು ತೆಗೆಯಬೇಕೆಂಬ ಗುರಿ ಮುಟ್ಟಲಿಲ್ಲವೆಂದು ಮಾಲೀಕರು ಅವರನ್ನು ಕೆಲಸದಿಂದ ತೆಗೆಯುವುದರಲ್ಲಿದ್ದರು.

“ಮಳಿಗಾಲದಾಗ ಖಣಿ ತುಂಬ ನೀರು ನಿಂತಿರ್ತದ್ರಿ. ಕಲ್ಲು ಮುಳುಗಿ ತೆಗೀಬೇಕೇನ್ರಿ?”

ನೋಟಿಸ್ ಇಸಿದುಕೊಂಡು ಓದಿದೆ; ಅದರಲ್ಲಿದ್ದುದು ನನ್ನ ಯೋಜನೆಯ ಅಂಕಿಯೇ. ಹಿಂದಿನ ಕೆಲಸದಲ್ಲಿ ಆಗಿಹೋದದ್ದರ ವರದಿ ಮಾಡುತ್ತಿದ್ದೆ; ನನ್ನ ಅಂಕಿಯಿಂದ ಯಾರ ಕೆಲಸವೂ ಹೋಗುತ್ತಿರಲಿಲ್ಲ. ಈಗಿನದು ಮುಂದಾಗಬೇಕಾದ್ದನ್ನು ಯೋಜಿಸುವ ಸಾಫ್ಟ್‌ವೇರ್. ವರ್ಷದ ಒಟ್ಟು ಗುರಿಯನ್ನಷ್ಟೇ ನಾನು ಬರೆದಿದ್ದೆ. ಅದು ತಾನಾಗಿ ಹನ್ನೆರಡೂ ತಿಂಗಳಿಗೆ ಸಮನಾಗಿ ಹಂಚಿಬಿಟ್ಟಿತ್ತು. ಕೆಲಸಕ್ಕೆಂದು ದೇಶವೆಲ್ಲ ಸುತ್ತಿದ ನನಗೆ ಮಳೆಗಾಲ ನೆನಪಾಗಿರಲಿಲ್ಲ.

ಅವರ ಬೈಕಿನ ಸೀಟಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಮಳೆಗಾಲದ ಗುರಿಯನ್ನು ಸೊನ್ನೆ ಮಾಡಿದೆ. ತಪ್ಪು ನನ್ನದು, ನೋಟಿಸ್ ಹಿಂದಕ್ಕೆ ಪಡೆಯಿರಿ ಎಂದು ಮಾಲೀಕರಿಗೆ ಬರೆದೆ. ಈ ಮನುಷ್ಯನಿಗೆ ಅಷ್ಟನ್ನಾದರೂ ನಾನು ಮಾಡಲೇಬೇಕಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದೆ.

“ಓದೂದು ಸಾಕ್ರಿ, ಮೊದಲ ಕಳಸ್ರಿ,” ಅಂದರು.

ಕಳಿಸಿದೆ.